ಪ್ರೀಮಿಯಂ ಅಗ್ಗ, ಪರಿಹಾರ ತಡ

75ರಿಂದ 150 ಸಿಸಿ ಒಳಗಿನ ಬೈಕಿಗೆ, ಅಂದರೆ ನಮ್ಮ ರಸ್ತೆಗಳಲ್ಲಿ ಕಾಣುವ ಬಹುಪಾಲು ಬೈಕು-ಸ್ಕೂಟರುಗಳಿಗೆ, ಕೇಂದ್ರ ಸರ್ಕಾರ 2022ರ ಜೂನ್ 1ರಿಂದ ಗೊತ್ತುಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ ₹714. ಅದಕ್ಕೂ ಹಿಂದಿನ 2019ರ ಪಟ್ಟಿಯಲ್ಲಿ ಇದೇ ಬೈಕಿಗೆ ₹752 ಇತ್ತು. ಪೆಟ್ರೋಲು, ಟೈರು, ಪಂಕ್ಚರ್ ಅಂಗಡಿಯವನ ಕೂಲಿ ಎಲ್ಲವೂ ಏರಿದ ಆ ಮೂರು ವರ್ಷಗಳಲ್ಲಿ ಇಳಿದದ್ದು ಇದೊಂದೇ ಇರಬೇಕು. ಈ ಹಣಕ್ಕೆ ಕಂಪನಿ ಹೊರುವ ಹೊಣೆ ಎಷ್ಟು? ಆ ಬೈಕು ಗುದ್ದಿ ಇನ್ನೊಬ್ಬರು ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ, ನ್ಯಾಯಮಂಡಳಿ ಹೇಳಿದಷ್ಟು. ಮೇಲ್ಮಿತಿ ಇಲ್ಲ. ಮಿತಿ ಇರುವುದು ಆಸ್ತಿ ಹಾನಿಗೆ ಮಾತ್ರ, ಬೈಕಿಗಾದರೆ ₹1 ಲಕ್ಷ.

ವಿಮೆಯವರು ಮೊದಲಿಂದಲೂ ಹೇಳುತ್ತ ಬಂದ ಮಾತೊಂದಿದೆ: ಕೋರ್ಟುಗಳು ಧಾರಾಳವಾಗಿ ಪರಿಹಾರ ಕೊಡುತ್ತವೆ, ಆದ್ದರಿಂದ ಪ್ರೀಮಿಯಂ ಏರಿಸದೆ ವಿಧಿಯಿಲ್ಲ, ಪ್ರೀಮಿಯಂ ಕೈಗೆಟಕುವಂತಿರಬೇಕಾದರೆ ಪರಿಹಾರಕ್ಕೆ ಕಡಿವಾಣ ಬೇಕು. 2016ರ ಮೋಟಾರು ವಾಹನ ತಿದ್ದುಪಡಿ ಮಸೂದೆಯಲ್ಲಿ ಈ ಮಾತು ಕಾನೂನಾಗುವ ಹಂತಕ್ಕೇ ಬಂದಿತ್ತು. ಸಾವಿಗೆ ₹10 ಲಕ್ಷ, ತೀವ್ರ ಗಾಯಕ್ಕೆ ₹5 ಲಕ್ಷ, ಅದಕ್ಕಿಂತ ಹೆಚ್ಚು ವಿಮಾ ಕಂಪನಿಯ ಹೊಣೆಯಲ್ಲ ಎಂದು ಅದರಲ್ಲಿತ್ತು. ಮೇಲಿನದನ್ನು ಯಾರು ಕೊಡಬೇಕು? ಬೈಕಿನ ಮಾಲೀಕ. ಅವನಲ್ಲಿ ಇಲ್ಲದಿದ್ದರೆ? ಉತ್ತರವಿರಲಿಲ್ಲ. ಟೀಕೆ ಬಂತು, ಆ ಮಿತಿಯನ್ನು ಕೈಬಿಟ್ಟರು. 2019ರಲ್ಲಿ ಜಾರಿಯಾದ ಕಾಯ್ದೆಯಲ್ಲಿ ಅದಿಲ್ಲ.

ಹೀಗಾಗಿ ನಮ್ಮಲ್ಲಿ ಒಂದು ವಿಚಿತ್ರ ಏರ್ಪಾಟು ಉಳಿದಿದೆ. ಆದಾಯವನ್ನು ದಿಲ್ಲಿಯ ಅಧಿಸೂಚನೆ ನಿರ್ಧರಿಸುತ್ತದೆ, ಖರ್ಚನ್ನು ಕೋರ್ಟು ನಿರ್ಧರಿಸುತ್ತದೆ. ಒಂದರ ಕೈ ಕಟ್ಟಿದೆ, ಇನ್ನೊಂದಕ್ಕೆ ತಡೆಯಿಲ್ಲ. ನಡುವೆ ಸಿಕ್ಕ ಕಂಪನಿ ಎಲ್ಲಿ ಉಳಿಸಬೇಕು? ನನ್ನ ಲೆಕ್ಕದಲ್ಲಿ ಅದು ಉಳಿಸುವುದು ಕಾಲದಲ್ಲಿ, ಗಾಯಾಳುವಿನ ಕಾಲದಲ್ಲಿ.

ಲೆಕ್ಕಕ್ಕೆಂದು ಒಬ್ಬ ಗಾರೆ ಮೇಸ್ತ್ರಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 34, ಹಾಸನದ ಕಡೆಯವನು, ತಿಂಗಳಿಗೆ ₹15,000 ದುಡಿಮೆ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಸಂಜೆ ಕೆಲಸ ಮುಗಿಸಿ ರಸ್ತೆ ದಾಟುವಾಗ ಬೈಕು ಗುದ್ದಿತು.

ಅವನು ಸತ್ತನೆಂದರೆ ಲೆಕ್ಕ ಸಲೀಸು. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಅಕ್ಟೋಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ಪ್ರಣಯ್ ಸೇಠಿ ತೀರ್ಪು ಸೇರಿ ಬಹುತೇಕ ಒಂದು ಮಗ್ಗಿ ಪುಸ್ತಕ ಮಾಡಿಟ್ಟಿವೆ. 40ರೊಳಗಿನ ಸ್ವಂತ ದುಡಿಮೆಯವನಿಗೆ ಮುಂದಿನ ಗಳಿಕೆಯ ಸಾಧ್ಯತೆಯೆಂದು ಶೇ 40 ಕೂಡಿಸು: ತಿಂಗಳಿಗೆ ₹21,000. ನಾಲ್ವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆ. 31ರಿಂದ 35ರ ವಯಸ್ಸಿಗೆ ವರ್ಷದ ಗಳಿಕೆಯನ್ನು ಗುಣಿಸುವ ಗುಣಕ 16. ಬರುವ ಮೊತ್ತ ₹30,24,000. ಅಂತ್ಯಕ್ರಿಯೆ, ಬಾಳಸಂಗಾತಿಯ ನಷ್ಟ ಮುಂತಾದವಕ್ಕೆ ಗೊತ್ತುಮಾಡಿದ ಸಣ್ಣ ಮೊತ್ತಗಳು ಬೇರೆ. ₹714ರಂತೆ ಸುಮಾರು 4,200 ಬೈಕುಗಳ ಒಂದು ವರ್ಷದ ಪ್ರೀಮಿಯಂ ಈ ಒಂದು ಸಾವಿಗೆ ಬೇಕು. ವಿಮೆ ಎಂದರೆ ಇಷ್ಟೇ ತಾನೆ. 4,200 ಜನ ಕಟ್ಟಬೇಕು, ಒಂದು ಮನೆ ಉಳಿಯಬೇಕು.

ಸಾಯದೆ ಕಾಲು ಮುರಿದುಕೊಂಡನೆಂದರೆ ಲೆಕ್ಕ ಜಟಿಲವಾಗುತ್ತದೆ. ಹಾಗೆ ಮುರಿದುಕೊಳ್ಳುವವರೇ ಹೆಚ್ಚು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಗಾಯಗೊಂಡವರು 4,43,366. ಪತ್ರಿಕೆಗಳಲ್ಲಿ ಸಾವು ಸುದ್ದಿಯಾಗುತ್ತದೆ. ಕೋರ್ಟಿನ ಕಡತಗಳಲ್ಲಿ ತುಂಬಿರುವುದು ಕುಂಟುವ ಕಾಲುಗಳು.

ಮೇಸ್ತ್ರಿಯ ಬಲಗಾಲಿನ ಎರಡೂ ಮೂಳೆ ಮುರಿದಿವೆ, ರಾಡ್ ಹಾಕಿದ್ದಾರೆ, ಮಂಡಿ ಪೂರ್ತಿ ಮಡಚುವುದಿಲ್ಲ. ಸಾಕ್ಷಿ ಹೇಳಲು ಬಂದ ವೈದ್ಯರು ಕಾಲಿಗೆ ಶೇ 45 ಊನ ಎನ್ನುತ್ತಾರೆ. ಕಾಲಿನ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ತೆಗೆದುಕೊಳ್ಳುವುದು ನಮ್ಮ ನ್ಯಾಯಮಂಡಳಿಗಳಲ್ಲಿ ಬಹುಮಟ್ಟಿಗೆ ರೂಢಿ. ಅಲ್ಲಿಗೆ ಶೇ 15. ₹15,000ವನ್ನು 12ರಿಂದ, ಆಮೇಲೆ 16ರಿಂದ ಗುಣಿಸಿ, ಶೇ 15 ತೆಗೆದರೆ ಭವಿಷ್ಯದ ದುಡಿಮೆಯ ನಷ್ಟ ₹4,32,000.

ಆದರೆ ಮೇಸ್ತ್ರಿ ದುಡಿಯುವುದು ಸಾರುವೆ ಹತ್ತಿ. ಮಂಡಿ ಮಡಚದವನನ್ನು ಯಾವ ಕಂಟ್ರಾಕ್ಟರೂ ಎರಡನೇ ಅಂತಸ್ತಿಗೆ ಹತ್ತಿಸುವುದಿಲ್ಲ. ಮೂಲತಃ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಅವರು 2010ರಲ್ಲಿ ಬರೆದ ತೀರ್ಪೊಂದು ಇದನ್ನೇ ಬಿಡಿಸಿ ಹೇಳಿತು. ದೇಹದ ಊನ ಎಷ್ಟು ಶೇಕಡಾ ಎಂಬುದು ಒಂದು, ದುಡಿಯುವ ಶಕ್ತಿ ಎಷ್ಟು ಶೇಕಡಾ ಹೋಯಿತು ಎಂಬುದು ಇನ್ನೊಂದು. ಎಡಗೈ ಕಳೆದುಕೊಂಡ ಬಡಗಿಯ ಪಾಲಿಗೆ ಹೆಚ್ಚುಕಡಿಮೆ ಪೂರ್ತಿ ದುಡಿಮೆಯೇ ಹೋದಂತೆ. ಅದೇ ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ಸಂಬಳ ನಿಲ್ಲದೆ ಇರಬಹುದು. ಸರಳಾ ವರ್ಮಾ ತೀರ್ಪನ್ನು ಬರೆದವರೂ ಅವರೇ. ಇಂದು ದೇಶದ ಯಾವುದೇ ಮೂಲೆಯ ನ್ಯಾಯಮಂಡಳಿ ಲೆಕ್ಕ ಹಾಕುವುದು ಅವರು ಹಾಕಿಕೊಟ್ಟ ಪಟ್ಟಿಯಿಂದ.

2010ರ ಆ ತೀರ್ಪಿನಂತೆ ಮೇಸ್ತ್ರಿಯ ದುಡಿಮೆಯ ನಷ್ಟ ಶೇ 40 ಎಂದು ಒಪ್ಪಿದರೆ ₹4,32,000 ಇದ್ದದ್ದು ₹11,52,000 ಆಗುತ್ತದೆ. ಗಾಯಾಳುಗಳಿಗೂ ಮುಂದಿನ ಗಳಿಕೆಯ ಸಾಧ್ಯತೆಯನ್ನು ಸೇರಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅದರ ಮೇಲೆ ಶೇ 40 ಕೂಡಿಸಿದರೆ ₹16 ಲಕ್ಷ ದಾಟುತ್ತದೆ. ಅದೇ ಕಾಲು, ಅದೇ ಎಕ್ಸ್‌ರೇ. ಮೊತ್ತ ಮಾತ್ರ ಸುಮಾರು ನಾಲ್ಕು ಪಟ್ಟು. ಈ ಅಂತರದಲ್ಲೇ ವ್ಯಾಜ್ಯ ಬೆಳೆಯುವುದು.

ಬೆಂಗಳೂರಿನಲ್ಲಿ ಇಂಥ ಪರಿಹಾರದ (ಎಂವಿಸಿ) ಕೇಸುಗಳು ನಡೆಯುವುದು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ. ಹೆಸರಷ್ಟೇ ಲಘು. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಒಂದೊಂದನ್ನೂ ಕಂಪನಿಯ ವಕೀಲರು ಎತ್ತಿ ನೋಡುತ್ತಾರೆ. ದೂರು ಮೂರು ದಿನ ತಡವಾಗಿ ಯಾಕೆ ಕೊಟ್ಟಿರಿ? ಆಸ್ಪತ್ರೆಯ ದಾಖಲೆಯಲ್ಲಿ ಮೊದಲು 'ಬಿದ್ದು ಪೆಟ್ಟಾಗಿದೆ' ಎಂದು ಯಾಕೆ ಬರೆಸಿದಿರಿ? ಆದಾಯಕ್ಕೆ ಪುರಾವೆ ಏನು? ಕೂಲಿಯವನ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು. ಪುರಾವೆ ಇಲ್ಲದಿದ್ದರೆ ಲೋಕ ಅದಾಲತ್‌ಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿಟ್ಟ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ಹಿಡಿಯುತ್ತಾರೆ, ಹೈಕೋರ್ಟೂ ಅದನ್ನೇ ಒಪ್ಪುತ್ತದೆ. ಅದೊಂದು ಒಳ್ಳೆಯ ವ್ಯವಸ್ಥೆ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಹಲವು ಮುದ್ದತುಗಳು ಕಳೆದಿರುತ್ತವೆ.

ಲೈಸೆನ್ಸಿನದು ಇನ್ನೊಂದು ದೊಡ್ಡ ಕತೆ. ಲಘು ವಾಹನದ ಲೈಸೆನ್ಸ್ ಇದ್ದವನು ಸಣ್ಣ ಗೂಡ್ಸ್ ಟೆಂಪೊ ಓಡಿಸಬಹುದೇ, ಅದಕ್ಕೆ ಬೇರೆ ಸಾರಿಗೆ ಪರವಾನಗಿ ಬೇಕೇ ಎಂಬ ಪ್ರಶ್ನೆ. 7,500 ಕೆ.ಜಿ. ಒಳಗಿನ ವಾಹನವಾದರೆ ಬೇಡ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ವಿಮಾ ಕಂಪನಿಗಳು ಒಪ್ಪಲಿಲ್ಲ. ಸಂವಿಧಾನ ಪೀಠದ ತನಕ ಹೋಗಿ, 2024ರ ನವೆಂಬರಿನಲ್ಲಿ ಅದೇ ಮಾತು ಖಾಯಂ ಆಯಿತು. ನಡುವಿನ ಏಳು ವರ್ಷ ಈ ತಕರಾರು ಕಂಪನಿಗಳ ಕೈಯಲ್ಲಿತ್ತು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ವಾದಿಸುವ ಹಕ್ಕು ಎಲ್ಲರಿಗೂ ಉಂಟು. ನಾನು ಕೇಳುವುದು ಆ ಏಳು ವರ್ಷದ ಖರ್ಚನ್ನು ಯಾರು ಹೊತ್ತರು ಎಂದು.

ಮೇಸ್ತ್ರಿಗೆ ಹಿಂತಿರುಗೋಣ. ಆಪರೇಷನ್ನಿಗೆಂದು ₹2 ಲಕ್ಷ ಸಾಲ ತಂದಿದ್ದಾನೆ, ನೂರಕ್ಕೆ ಮೂರರಂತೆ. ತಿಂಗಳಿಗೆ ₹6,000 ಬಡ್ಡಿ. ಕೇಸು ನಾಲ್ಕು ವರ್ಷ ನಡೆಯಿತು ಎನ್ನಿ; ಬಡ್ಡಿಯೇ ₹2,88,000. ಕೊನೆಗೆ ನ್ಯಾಯಮಂಡಳಿ ಆಸ್ಪತ್ರೆಯ ಬಿಲ್ಲನ್ನು ಪೂರ್ತಿ ಮಂಜೂರು ಮಾಡಿ, ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ ಕೊಡಿಸುತ್ತದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಕಾಣುವ ದರ ಅದು, ಸರಳ ಬಡ್ಡಿ. ನಾಲ್ಕು ವರ್ಷಕ್ಕೆ ₹48,000. ಕಟ್ಟಿದ ಬಡ್ಡಿಗೂ ಬಂದ ಬಡ್ಡಿಗೂ ನಡುವಿನ ವ್ಯತ್ಯಾಸ ₹2,40,000. ಯಾವ ಪಾಲಿಸಿಯ ಹಾಳೆಯಲ್ಲೂ ಕಾಣದ ಪ್ರೀಮಿಯಂ ಇದು, ಕಟ್ಟಿದವನು ಮೇಸ್ತ್ರಿ. ಬೈಕಿನ ಮಾಲೀಕರು 336 ಜನ ಸೇರಿ ಒಂದು ವರ್ಷ ಕಟ್ಟುವ ಹಣವನ್ನು ಪೆಟ್ಟು ತಿಂದವನು ಒಬ್ಬನೇ ಕಟ್ಟಿದ.

ಕಂಪನಿಯ ಕಡೆಯಿಂದ ನೋಡಿದರೆ ಅದೇ ನಾಲ್ಕು ವರ್ಷ ಬೇರೆಯೇ ಆಗಿ ಕಾಣುತ್ತದೆ. ಪರಿಹಾರಕ್ಕೆಂದು ತೆಗೆದಿಟ್ಟ ಹಣ ಅಷ್ಟು ಕಾಲ ಸರ್ಕಾರಿ ಸಾಲಪತ್ರಗಳಲ್ಲಿ, ಬಾಂಡುಗಳಲ್ಲಿ ದುಡಿಯುತ್ತಿರುತ್ತದೆ. ಸರ್ಕಾರಿ ಸಾಲಪತ್ರದ ಗಳಿಕೆಯೇ ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಶೇ 6-7ರ ಆಸುಪಾಸಿನಲ್ಲಿದೆ. ಶೇ 6 ಸರಳ ಬಡ್ಡಿ ತೆರುವವನಿಗೆ ತಡಮಾಡಿದ್ದಕ್ಕೆ ದಂಡವೇ ಇಲ್ಲ. ಮೇಲ್ಮನವಿ ದಾಖಲಿಸಲು 1988ರ ಕಾಯ್ದೆ ಕೇಳುವ ಠೇವಣಿ ₹25,000 ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದು. ತಡೆಯಾಜ್ಞೆ ಬೇಕೆಂದರೆ ಹೈಕೋರ್ಟ್ ಹೆಚ್ಚು ಕಟ್ಟಿಸಿಕೊಳ್ಳುತ್ತದೆ, ನಿಜ. ಹಾಗಿದ್ದೂ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಎಂಎಫ್‌ಎ ಮೇಲ್ಮನವಿ ಕಡತಗಳಿಗೆ ಬರವಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕಟ್ಟಿದವರು ವಿಮಾ ಕಂಪನಿಯನ್ನು ಕಂಡಿರಲಿಲ್ಲ. ಅದು ಗೆದ್ದರೂ ಸೋತರೂ ಅಂಥ ನಷ್ಟವೇನಿಲ್ಲ.

ಗಾಯದ ಕೇಸುಗಳು ಎಷ್ಟು ದೂರ ಎಳೆಯಬಲ್ಲವು ಎಂಬುದಕ್ಕೆ ಒಂದು ನಿಜ ಪ್ರಕರಣ. 2007ರಲ್ಲಿ ಉತ್ತರ ಭಾರತದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಜೀವನಪೂರ್ತಿ ಇನ್ನೊಬ್ಬರ ಆಸರೆಯಲ್ಲಿ ಬದುಕುವಂತಾದಳು. ಹೈಕೋರ್ಟ್ ಸುಮಾರು ₹26 ಲಕ್ಷ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ₹62 ಲಕ್ಷಕ್ಕೂ ಮೇಲೆ ಏರಿಸಿದ್ದು 2020ರ ಫೆಬ್ರುವರಿಯಲ್ಲಿ. ನೋಡಿಕೊಳ್ಳುವವರ ಸಂಬಳವನ್ನೂ ಗುಣಕದಿಂದ ಗುಣಿಸಬೇಕು, ಒಂದಿಷ್ಟು ಎಂದು ಕೈಗೆ ಬಂದ ಮೊತ್ತ ಬರೆಯಬಾರದು ಎಂದ ಆ ತೀರ್ಪು ಮಾನವೀಯವಾದದ್ದು. ಅಷ್ಟು ಹೊತ್ತಿಗೆ ಹುಡುಗಿಗೆ ಇಪ್ಪತ್ತನಾಲ್ಕು ದಾಟಿರಬೇಕು.

ಕೋರ್ಟುಗಳು ಧಾರಾಳಿಗಳು ಎಂಬ ದೂರನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ನಮ್ಮಲ್ಲಿ ಅತಿ ದೊಡ್ಡ ಗುಣಕ 18. ಅರವತ್ತರವರೆಗೆ ದುಡಿಯಬಹುದಾಗಿದ್ದ 22ರ ಹುಡುಗನಿಗೆ 38 ವರ್ಷದ ದುಡಿಮೆಯ ಬದಲು 18 ವರ್ಷದ್ದು. ಉಳಿದದ್ದನ್ನು ಇಡಿಗಂಟಿನ ಬಡ್ಡಿ ತುಂಬಿಕೊಡುತ್ತದೆ ಎಂಬುದು ತರ್ಕ. ಲೆಕ್ಕ ಹಾಕಿ ನೋಡಿದರೆ, ಕೂಲಿಯೂ ಬೆಲೆಯೂ ಒಟ್ಟಿಗೆ ಏರುತ್ತವೆ ಎಂದಿಟ್ಟುಕೊಂಡಾಗ, ಆ ಹಣ ಹಣದುಬ್ಬರವನ್ನು ಮೀರಿ ವರ್ಷಕ್ಕೆ ಸುಮಾರು ಶೇ 4.5 ಗಳಿಸಬೇಕು. ಬ್ಯಾಂಕಿನ ಎಫ್‌ಡಿ ಬಿಟ್ಟರೆ ಬೇರೆ ತಿಳಿಯದ ಕುಟುಂಬಕ್ಕೆ ಅದು ಕನಸಿನ ಮಾತು. ಬ್ರಿಟನ್ನಿನಲ್ಲಿ ಇದೇ ದರವನ್ನು 2017ರಲ್ಲಿ ಶೇ 2.5ರಿಂದ ಸೊನ್ನೆಗೂ ಕೆಳಗೆ, ಮೈನಸ್ 0.75ಕ್ಕೆ ಇಳಿಸಿದರು. ದೊಡ್ಡ ಗಾಯಗಳ ಪರಿಹಾರ ಒಮ್ಮೆಲೇ ಏರಿತು, ಅದೇ ದಿನ ವಿಮಾ ಕಂಪನಿಗಳ ಷೇರುಗಳು ಬಿದ್ದವು. ಅಲ್ಲಿ ಪ್ರೀಮಿಯಂ ಮಾರುಕಟ್ಟೆಯದು, ಆದ್ದರಿಂದ ಪರಿಹಾರಕ್ಕೂ ಪ್ರೀಮಿಯಂಗೂ ನೇರ ನಂಟು. ಐರ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಕತ್ತಿನ ಉಳುಕಿಗೆ ಇಂಗ್ಲೆಂಡಿಗಿಂತ 4.4 ಪಟ್ಟು ಹೆಚ್ಚು ಕೊಡುತ್ತಿದ್ದೇವೆ ಎಂದು 2018ರ ಆಯೋಗವೊಂದು ಹೇಳಿದ ಮೇಲೆ, 2021ರ ಏಪ್ರಿಲಿನಿಂದ ನ್ಯಾಯಾಧೀಶರೇ ಹೊಸ ಮಾರ್ಗಸೂಚಿ ತಂದು ಸಣ್ಣ ಗಾಯಗಳ ಪರಿಹಾರ ತಗ್ಗಿಸಿದರು. ಪರಿಹಾರ ಇಳಿದಷ್ಟು ಪ್ರೀಮಿಯಂ ಇಳಿಯಲಿಲ್ಲ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಮೊತ್ತ ಕಡಿದರೆ ವಿಮೆ ಅಗ್ಗವಾಗುತ್ತದೆ ಎನ್ನುವವರು ಅತ್ತ ಒಮ್ಮೆ ನೋಡಬೇಕು.

ಸುಳ್ಳು ಕ್ಲೈಮುಗಳ ಮಾತು ಬಿಡುವ ಹಾಗಿಲ್ಲ. ಉತ್ತರ ಪ್ರದೇಶದಲ್ಲಿ ಇವು ಎಷ್ಟು ಹೆಚ್ಚಿದವೆಂದರೆ ಹೈಕೋರ್ಟ್ ಆದೇಶದ ಮೇಲೆ 2015ರಲ್ಲಿ ವಿಶೇಷ ತನಿಖಾ ತಂಡವನ್ನೇ ಮಾಡಬೇಕಾಯಿತು. ನಮ್ಮಲ್ಲೂ ಗುದ್ದದ ಗಾಡಿಯನ್ನು ಗುದ್ದಿತೆಂದು ತೋರಿಸುವ, ತಾನೇ ಬಿದ್ದವನಿಗೆ ವಿಮೆಯಿರುವ ಬೈಕೊಂದನ್ನು ಹೊಂದಿಸಿಕೊಡುವ ದಂಧೆ ಇಲ್ಲವೆಂದು ಯಾರೂ ಆಣೆ ಮಾಡಲಾರರು. ಇದು ಕಳ್ಳತನವೇ. ಆದರೆ ಇದಕ್ಕೆ ನೀರೆರೆಯುವುದು ಏನು ಎಂದೂ ಕೇಳಬೇಕಲ್ಲ. ದೇಶದ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಚಾಲ್ತಿಯಲ್ಲಿರುವ ವಿಮೆಯೇ ಇಲ್ಲವೆಂದು ಅಧಿಕೃತ ಲೆಕ್ಕಗಳೇ ಹೇಳುತ್ತವೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ ಕುಟುಂಬಕ್ಕೆ ಬರುವುದು ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000. 2022ರ ಏಪ್ರಿಲಿಗೆ ಮುಂಚೆ ₹25,000 ಮತ್ತು ₹12,500 ಇತ್ತು. ಗಾಡಿಯ ನಂಬರು ಸಿಕ್ಕರೆ ₹30 ಲಕ್ಷ, ಸಿಗದಿದ್ದರೆ ₹2 ಲಕ್ಷ. ಇಷ್ಟು ದೊಡ್ಡ ಕಂದಕ ಇರುವಲ್ಲಿ ನಂಬರು ಹುಡುಕಿಕೊಡುವ ದಲ್ಲಾಳಿ ಹುಟ್ಟದೆ ಇರುತ್ತಾನೆಯೆ? ಬಂದ ಪರಿಹಾರದಲ್ಲಿ ಪಾಲು ಎಂದು ಫೀಸು ಗೊತ್ತುಮಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ನಿಯಮ ಎಷ್ಟು ನಡೆಯುತ್ತದೆ ಎಂಬುದು ಕೋರ್ಟಿನ ಆವರಣದ ಕಾಫಿ ಅಂಗಡಿಯವನಿಗೂ ಗೊತ್ತು.

ವಿಮೆಯನ್ನೇ ಮಾಡಿಸದೆ ಕಾನೂನಿನ ಒಳಗೇ ಇರುವವರೂ ಉಂಟು. ಸರ್ಕಾರಿ ಸಾರಿಗೆ ನಿಗಮಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬದಲಿಗೆ ತಮ್ಮದೇ ನಿಧಿ ಇಟ್ಟುಕೊಂಡು ಅದರಿಂದ ಪರಿಹಾರ ಕೊಡಬೇಕು. ಕೊಡುವುದು ತಡವಾದಾಗ ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡುವ ಸುದ್ದಿ ನಮ್ಮ ಜಿಲ್ಲಾ ಪುಟಗಳಿಗೆ ಹೊಸದಲ್ಲ. ನಮ್ಮ ಇಡೀ ವ್ಯವಸ್ಥೆಯಲ್ಲಿ ತಡಕ್ಕೆ ತಕ್ಕ ಬಿಸಿ ಮುಟ್ಟಿಸುವ ಕ್ರಮ ನನಗೆ ಕಂಡದ್ದು ಇದೊಂದೇ.

ಹಾಗಾದರೆ ಪ್ರೀಮಿಯಂ ಏರಿಸಬೇಕೆ? ಎಲ್ಲರಿಗೂ ಒಂದೇ ಸಮ ಏರಿಸುವುದು ಅನ್ಯಾಯ, ವಿಮೆ ಮಾಡಿಸದವರ ಸಾಲು ಇನ್ನಷ್ಟು ಬೆಳೆಯುತ್ತದೆ. ಈಗಿನ ದರಕ್ಕೆ ಇಂಜಿನ್ನಿನ ಸಿಸಿ ಮಾತ್ರ ಗೊತ್ತು, ಓಡಿಸುವವನ ಗುಣ ಗೊತ್ತಿಲ್ಲ. ವರ್ಷವಿಡೀ ಸಿಗ್ನಲ್ ಹಾರುವವನೂ, ಹತ್ತು ವರ್ಷದಿಂದ ಒಂದು ದಂಡ ಕಟ್ಟದವನೂ ಅದೇ ₹714 ಕಟ್ಟುತ್ತಾರೆ. ಸ್ವಂತ ಗಾಡಿಯ ಹಾನಿಯ ವಿಮೆಯಲ್ಲಿ ಕ್ಲೈಮ್ ಮಾಡದವರಿಗೆ ಬೋನಸ್ ಉಂಟು, ಥರ್ಡ್ ಪಾರ್ಟಿಯಲ್ಲಿ ಅದೂ ಇಲ್ಲ. ಸಂಚಾರ ನಿಯಮ ಮುರಿದವರಿಂದ ಹೆಚ್ಚು ಪ್ರೀಮಿಯಂ ಪಡೆಯುವ ಪ್ರಸ್ತಾವವನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ಸಮಿತಿಯೊಂದು 2021ರ ಜನವರಿಯಲ್ಲಿ ಮುಂದಿಟ್ಟಿತ್ತು. ಬೆಂಗಳೂರಿನ ಚೌಕಚೌಕದಲ್ಲೂ ಕ್ಯಾಮೆರಾ ನಿಂತಿರುವಾಗ ಅದು ಮಾಡಲಾಗದ ಕೆಲಸವಲ್ಲ. (ಸಂದರ್ಭ ಬಂದದ್ದಕ್ಕೆ ಹೇಳುತ್ತೇನೆ: ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೈಕಿನ ಹಿಂದೆ ಕೂತವರಿಗೆ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹೆಂಡತಿಯನ್ನು ಕೂರಿಸಿಕೊಂಡು ಹೋಗುವವರು ಪಾಲಿಸಿಯ ಹಾಳೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.)

ಕಾಲವನ್ನು ಕಡಿಮೆ ಮಾಡುವ ನಿಯಮಗಳು ಕಾಗದದ ಮೇಲೆ ಬಂದಾಗಿವೆ. 2022ರ ಏಪ್ರಿಲಿನಿಂದ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕೊಡಬೇಕು. ಅದು ಕೈಸೇರಿದ 30 ದಿನದೊಳಗೆ ಕಂಪನಿಯ ಅಧಿಕಾರಿ ತನ್ನ ತೀರ್ಮಾನ ತಿಳಿಸಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪಾಲಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. 2025ರ ಮೇ ತಿಂಗಳಿಂದ ಗಾಯಾಳುವಿಗೆ ಏಳು ದಿನದ ತನಕ ₹1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ. ಮೇಸ್ತ್ರಿಯಂಥವರಿಗೆ ನೂರಕ್ಕೆ ಮೂರರ ಸಾಲವನ್ನು ತಪ್ಪಿಸಬಲ್ಲದ್ದು ಇದೇ. ಆಸ್ಪತ್ರೆಗಳು ಒಪ್ಪಿಕೊಂಡರೆ.

ಜೊತೆಗೇ ಇನ್ನೊಂದು ನಿಯಮವೂ ಮರಳಿ ಬಂದಿದೆ. 1994ರಲ್ಲಿ ತೆಗೆದುಹಾಕಿದ್ದ ಗಡುವನ್ನು 2019ರ ತಿದ್ದುಪಡಿ ವಾಪಸು ತಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಿತು. ಆರು ತಿಂಗಳೆಂದರೆ ಎಷ್ಟೋ ಮೂಳೆಗಳು ಕೂಡುವಷ್ಟು ಕಾಲವೂ ಅಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಗಾಯಾಳುವಿಗೆ ಗಡುವು ಹಾಕಿದವರು ಕಂಪನಿಗೂ ತೀರ್ಪಾದ 30 ದಿನದೊಳಗೆ ಹಣ ಕಟ್ಟಬೇಕೆಂದು ಬರೆದಿದ್ದಾರೆ, ಮೇಲ್ಮನವಿಯ ಬಾಗಿಲನ್ನೂ ತೆರೆದಿಟ್ಟಿದ್ದಾರೆ. ಆ ಬಾಗಿಲನ್ನು ಮುಚ್ಚಬೇಕಿಲ್ಲ. ಮೇಲ್ಮನವಿ ಸೋತ ಕಂಪನಿಗೆ ಸೋತ ಮೊತ್ತದ ಮೇಲೆ ಶೇ 6ರ ಬದಲು ಶೇ 12 ಬಡ್ಡಿ ಎಂದು ಬರೆದರೆ ಸಾಕು, ಯಾವುದು ಹೋರಾಡುವ ಕೇಸು, ಯಾವುದು ಕೊಟ್ಟು ಮುಗಿಸುವ ಕೇಸು ಎಂಬುದನ್ನು ಅವರ ಲೆಕ್ಕಿಗರೇ ಹೇಳಿಬಿಡುತ್ತಾರೆ. ಹಾಗೆಯೇ ಅಪಘಾತದ ದಿನದಿಂದ ಹಣ ಕೈಸೇರಿದ ದಿನದವರೆಗೆ ಸರಾಸರಿ ಎಷ್ಟು ದಿನ ಹಿಡಿಯಿತು, ಎಷ್ಟು ಮೇಲ್ಮನವಿ ಹಾಕಿದರು, ಎಷ್ಟನ್ನು ಗೆದ್ದರು ಎಂಬುದನ್ನು ವಿಮಾ ಪ್ರಾಧಿಕಾರ ಕಂಪನಿವಾರು ಪ್ರಕಟಿಸಲಿ. ಪ್ರೀಮಿಯಂ ಏರಿಸಿ ಎಂದು ಮುಂದಿನ ಸಲ ಅರ್ಜಿ ಹಿಡಿದು ಬಂದವರು ಆ ಪಟ್ಟಿಯನ್ನೂ ಜೊತೆಗೆ ತರಲಿ.